ಕೌಂಟರಿನ ಪ್ರಶ್ನೆಗೆ ಫೋನಿನಲ್ಲಿ ಉತ್ತರ

ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯದ ಫೇಸ್‌ಬುಕ್ ಪುಟ ತೆರೆದು ಕೆಳಗಿನವರೆಗೂ ಎಳೆದು ನೋಡಿ. ಆಗಸ್ಟ್ 12ಕ್ಕೆ ಎಸ್.ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ, ಕುಲಪತಿಗಳಿಂದ ದೀಪ ಬೆಳಗುವಿಕೆ, ಹೊಸ ಬ್ಯಾಚಿಗೆ ಓರಿಯೆಂಟೇಷನ್, ನಿವೃತ್ತರಾದವರಿಗೆ ಶಾಲು, ನಡುನಡುವೆ ಜಯಂತಿಗಳ ಶುಭಾಶಯ. ಲೈಕ್ ಒತ್ತಿದವರಲ್ಲಿ ಬಹುಪಾಲು ಅಲ್ಲಿನ ಸಿಬ್ಬಂದಿಯೇ. ಅದೇ ಹೊತ್ತಿಗೆ ಇಶ್ಯೂ ಕೌಂಟರಿನ ಮುಂದೆ ನಿಂತ ಹುಡುಗಿ ಕೇಳುತ್ತಿರುತ್ತಾಳೆ: ಶನಿವಾರ ರೀಡಿಂಗ್ ರೂಮ್ ಎಷ್ಟು ಗಂಟೆ ತನಕ ಇರುತ್ತೆ ಸರ್? ಆ ಪುಟದಲ್ಲಿ ಎಲ್ಲ ಇದೆ, ಇದೊಂದಕ್ಕೆ ಉತ್ತರವಿಲ್ಲ.

ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. ಅವರ ಫೋಟೊ ಹಾಕುವುದಕ್ಕಿಂತ ಶನಿವಾರದ ವೇಳೆ ಹಾಕಿದ್ದರೆ ಅವರಿಗೇ ಹೆಚ್ಚು ಸಂತೋಷವಾಗುತ್ತಿತ್ತೇನೋ.

ವಾಟ್ಸಾಪ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಟೆಲಿಗ್ರಾಂ ಇವೆಲ್ಲ ಗ್ರಂಥಾಲಯಕ್ಕೆ ಖರ್ಚಿಲ್ಲದೆ ಸಿಕ್ಕಿರುವ ಸಾಧನಗಳು. ಟೆಂಡರ್ ಕರೆಯಬೇಕಿಲ್ಲ, ಹಣಕಾಸು ಅಧಿಕಾರಿಯ ಸಹಿಗೆ ಕಾಯಬೇಕಿಲ್ಲ. ಓದುಗರ ಕೈಯಲ್ಲಿ ಇವು ಆಗಲೇ ಇವೆ. ಹಾಗಿದ್ದೂ ಹೆಚ್ಚಿನ ಕಡೆ ಇವು ಕಾರ್ಯಕ್ರಮಗಳ ಆಲ್ಬಂ ಆಗಿ ಉಳಿದಿವೆ. ಓದುಗರ ಯಾವುದಾದರೊಂದು ಪ್ರಶ್ನೆಗೆ ಉತ್ತರವಾಗದ ಪೋಸ್ಟನ್ನು ಹಾಕುವ ಅಗತ್ಯವೇ ಇಲ್ಲ ಎಂಬುದು ನನ್ನ ಪಕ್ಷ. ಈ ಒಂದು ಮಾತು ಒಪ್ಪಿಕೊಂಡರೆ ಉಳಿದ ನಿರ್ಧಾರಗಳು ತಾವಾಗಿ ಆಗುತ್ತವೆ.

ಖಾತೆಗೆ ಮುಂಚೆ ಒಂದು ನೋಟ್‌ಬುಕ್

ಹೊಸ ಖಾತೆ ತೆರೆಯುವ ಮೊದಲು, ಇರುವ ಖಾತೆಗೆ ಜೀವ ತುಂಬುವ ಮೊದಲು, ಇಶ್ಯೂ ಕೌಂಟರಿನಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇಡಿ. ಒಂದೆರಡು ವಾರ ಯಾರು ಏನು ಕೇಳಿದರೂ ಕೇಳಿದ ಹಾಗೇ ಬರೆದುಕೊಳ್ಳಿ. ಭಾಷೆ ತಿದ್ದಬೇಡಿ. ‘ಬೌದ್ಧಿಕ ಸಂಪನ್ಮೂಲಗಳ ದೂರಸಂಪರ್ಕ ಬಳಕೆ’ ಎಂದು ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ. ‘ಹಾಸ್ಟೆಲಲ್ಲಿ ಜರ್ನಲ್ ಓಪನ್ ಆಗ್ತಿಲ್ಲ ಸರ್’ ಎನ್ನುತ್ತಾರೆ. ನಾಳೆ ನಿಮ್ಮ ವಿಡಿಯೊಗೆ ಇಡಬೇಕಾದ ಹೆಸರು ಇದೇ, ಏಕೆಂದರೆ ಹುಡುಕುವಾಗ ಅವರು ಟೈಪ್ ಮಾಡುವುದೂ ಇದನ್ನೇ.

ನೋಟ್‌ಬುಕ್ ತುಂಬಿದ ಮೇಲೆ ನೋಡಿದರೆ ಪ್ರಶ್ನೆಗಳ ಜಾತಿ ಹೆಚ್ಚಿಲ್ಲ ಎಂಬುದು ಕಾಣುತ್ತದೆ. ವೇಳೆ ಮತ್ತು ರಜೆ. ಪುಸ್ತಕ ಒಳಗಿದೆಯೋ ಹೊರಗೆ ಹೋಗಿದೆಯೋ. ರಿನ್ಯೂವಲ್, ಫೈನ್, ಕೊನೆಯ ಸೆಮಿಸ್ಟರಿನಲ್ಲಿ ನೋ ಡ್ಯೂ. ಹಳೆಯ ಪ್ರಶ್ನೆಪತ್ರಿಕೆ. ಕೆ-ಸೆಟ್, ನೆಟ್, ಕೆಎಎಸ್ ಪುಸ್ತಕ. ಪಿಎಚ್‌ಡಿ ಮಾಡುವವರದು ಬೇರೆ ಲೋಕ: ಕೃತಿಚೌರ್ಯ ತಪಾಸಣೆಯ ವರದಿ ಯಾವಾಗ ಸಿಗುತ್ತದೆ, ಪ್ರಬಂಧವನ್ನು ಶೋಧಗಂಗಾಕ್ಕೆ ಏರಿಸುವುದು ಯಾರು, ಯಾವ ರೂಪದಲ್ಲಿ ಕೊಡಬೇಕು.

ಎಲ್ಲರಿಗೂ ಒಂದೇ ಉತ್ತರವಿರುವ ಪ್ರಶ್ನೆ ಒಂದು ಕಡೆಗೆ, ಒಬ್ಬರಿಗೊಂದು ಉತ್ತರ ಬೇಕಾದದ್ದು ಇನ್ನೊಂದು ಕಡೆಗೆ, ಮಾಡಿ ತೋರಿಸಬೇಕಾದದ್ದು ಮತ್ತೊಂದು ಕಡೆಗೆ. ಮೊದಲನೆಯದು ವಾಟ್ಸಾಪ್ ಚಾನೆಲ್ಲಿಗೆ, ಎರಡನೆಯದು ನೇರ ಚಾಟಿಗೆ, ಮೂರನೆಯದು ಯೂಟ್ಯೂಬಿಗೆ. ಯಾವ ವೇದಿಕೆ ಚೆನ್ನ ಎಂಬ ಚರ್ಚೆಗೆ ಸಮಿತಿ ಕೂರಿಸುವ ಬದಲು ಹೀಗೆ ವಿಂಗಡಿಸಿದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ.

ವಾಟ್ಸಾಪ್: ಗ್ರೂಪ್ ಬಿಟ್ಟು ಉಳಿದದ್ದು

ಎಲ್ಲರೂ ಮೊದಲು ಮಾಡುವುದು ಗ್ರೂಪ್. ಒಂದು ಗ್ರೂಪಿಗೆ 1,024 ಜನರ ಮಿತಿ ಇದೆ, ದೊಡ್ಡ ಕ್ಯಾಂಪಸ್ಸಿಗೆ ಅದು ಸಾಲದು. ಅದಕ್ಕಿಂತ ದೊಡ್ಡ ತೊಂದರೆ, ಪ್ರತಿಯೊಬ್ಬರ ನಂಬರೂ ಉಳಿದವರಿಗೆಲ್ಲ ಕಾಣುತ್ತದೆ. ಗ್ರಂಥಾಲಯದ ಸೂಚನೆಗೆಂದು ಸೇರಿದ ವಿದ್ಯಾರ್ಥಿನಿಗೆ ರಾತ್ರಿ ಗುರುತಿಲ್ಲದವನಿಂದ ‘ಹಾಯ್’ ಬಂದರೆ ಆಕೆ ಗ್ರೂಪ್ ಬಿಟ್ಟು ಹೋಗುತ್ತಾಳೆ, ಗ್ರಂಥಾಲಯದ ಮೇಲಿನ ನಂಬಿಕೆಯನ್ನೂ ಬಿಡುತ್ತಾಳೆ. ಶುಭೋದಯದ ಹೂವು, ಫಾರ್ವರ್ಡು, ಸಂಘಟನೆಗಳ ಪ್ರಚಾರ ಇವುಗಳ ನಡುವೆ ‘ನಾಳೆ ಗ್ರಂಥಾಲಯಕ್ಕೆ ರಜೆ’ ಎಂಬ ಸಾಲು ಕಳೆದೇ ಹೋಗುತ್ತದೆ.

ಸೂಚನೆಗೆ ಚಾನೆಲ್ ಸರಿ. ಭಾರತದಲ್ಲಿ ಇದು 2023ರ ಸೆಪ್ಟೆಂಬರ್‌ನಿಂದ ಸಿಗುತ್ತಿದೆ. ಒಬ್ಬ ಅನುಯಾಯಿಯ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಅಡ್ಮಿನ್ನಿನ ನಂಬರೂ ಕಾಣುವುದಿಲ್ಲ. ಬೇರೆಯವರು ಅಲ್ಲಿ ಬರೆಯುವಂತಿಲ್ಲ, ಹಾಗಾಗಿ ಗದ್ದಲವಿಲ್ಲ. ಸಿಬ್ಬಂದಿಯಲ್ಲಿ ಇಬ್ಬರು ಮೂವರನ್ನು ಅಡ್ಮಿನ್ ಮಾಡಬಹುದು. ವಾರಕ್ಕೆ ಎರಡು ಮೂರು ಸಂದೇಶ ಸಾಕು. ದಿನಕ್ಕೆ ಐದು ಹಾಕಿದರೆ ಮ್ಯೂಟ್ ಮಾಡುತ್ತಾರೆ, ಆಮೇಲೆ ಬೆಂಕಿ ಬಿದ್ದಿದೆ ಎಂದು ಬರೆದರೂ ನೋಡುವುದಿಲ್ಲ.

ನೇರ ಪ್ರಶ್ನೆಗೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಬಳಸಿ. ಹೆಸರು ಅಂಗಡಿಯವರದ್ದಾದರೂ ಗ್ರಂಥಾಲಯಕ್ಕೆ ಹೇಳಿ ಮಾಡಿಸಿದಂತಿದೆ, ಉಚಿತ ಕೂಡ. ಪದೇಪದೇ ಬರುವ ಪ್ರಶ್ನೆಗೆ ಉತ್ತರ ಬರೆದಿಟ್ಟು ಒಂದು ಶಾರ್ಟ್‌ಕಟ್ಟಿನಿಂದ ಕಳಿಸಬಹುದು. ಬಾಗಿಲು ಹಾಕಿದ ಮೇಲೆ ಬಂದವರಿಗೆ ‘ನಾಳೆ ಬೆಳಿಗ್ಗೆ ಹತ್ತರ ನಂತರ ಉತ್ತರಿಸುತ್ತೇವೆ’ ಎಂದು ತಾನಾಗಿ ಹೋಗುವಂತೆ ಮಾಡಬಹುದು. ಚಾಟ್‌ಗಳಿಗೆ ‘ರಿನ್ಯೂವಲ್’, ‘ನೋ ಡ್ಯೂ’, ‘ಪಿಎಚ್‌ಡಿ’ ಎಂದು ಲೇಬಲ್ ಅಂಟಿಸಬಹುದು. ಒಂದು ಫೋನಿನ ಖಾತೆಯನ್ನು ಇನ್ನೂ ನಾಲ್ಕು ಸಾಧನಗಳಿಗೆ ಜೋಡಿಸಬಹುದಾದ್ದರಿಂದ ರೆಫರೆನ್ಸ್ ವಿಭಾಗದ ಕಂಪ್ಯೂಟರಿನಲ್ಲೂ ಇಶ್ಯೂ ಕೌಂಟರಿನಲ್ಲೂ ಅದೇ ನಂಬರಿನಿಂದ ಉತ್ತರ ಹೋಗುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್ ನಂಬಿ ಕೂರಬೇಡಿ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ, ಸೇವ್ ಮಾಡದವರಿಗೆ ಹೋಗಿಲ್ಲ ಎಂದು ನಿಮಗೆ ಗೊತ್ತೂ ಆಗುವುದಿಲ್ಲ.

ಸಿಮ್ ಗ್ರಂಥಾಲಯದ್ದೇ ಆಗಿರಲಿ. ಸಹಾಯಕರೊಬ್ಬರ ಸ್ವಂತ ನಂಬರಿನಲ್ಲಿ ಶುರುವಾದ ಸೇವೆ ಅವರ ವರ್ಗಾವಣೆಯ ಜೊತೆಗೇ ಊರು ಬಿಡುತ್ತದೆ. ಆ ನಂಬರಿನ ಕ್ಯೂಆರ್ ಕೋಡನ್ನು ಬ್ಯಾಗ್ ಇಡುವ ಪ್ರಾಪರ್ಟಿ ಕೌಂಟರಿನಲ್ಲಿ, ಹಾಸ್ಟೆಲ್ ಮೆಸ್ಸಿನ ಗೋಡೆಯಲ್ಲಿ, ಲೈಬ್ರರಿ ಕಾರ್ಡಿನ ಹಿಂಬದಿಯಲ್ಲಿ ಅಚ್ಚು ಮಾಡಿಸಿ.

ಇನ್ನು ಉತ್ತರ ಕೊಡುವ ರೀತಿ. ಒಂದು ಮಾದರಿ ನೋಡೋಣ. ಸಂಜೆ ಹೊತ್ತು ಸಂದೇಶ ಬರುತ್ತದೆ:

‘ಸರ್ ಭಾಷಾವಿಜ್ಞಾನ ಬುಕ್ ಇದೆಯಾ’

‘ಒಪ್ಯಾಕ್ ನೋಡಿ’ ಎಂದು ಬರೆದರೆ ಸಂಭಾಷಣೆ ಮುಗಿಯಿತು, ವಿದ್ಯಾರ್ಥಿ ಮತ್ತೆ ಕೇಳುವುದಿಲ್ಲ. ‘ಇದೆ’ ಎಂದರೂ ಪ್ರಯೋಜನವಿಲ್ಲ. ಡ್ಯೂಯಿ ವರ್ಗೀಕರಣ ಬಳಸುವ ಗ್ರಂಥಾಲಯವಾದರೆ ಹೀಗೆ ಬರೆಯಬಹುದು:

‘ನಮಸ್ಕಾರ. ಭಾಷಾವಿಜ್ಞಾನದ ಪುಸ್ತಕಗಳು ಎರಡನೇ ಮಹಡಿಯಲ್ಲಿ 410 ಎಂದು ಬರೆದಿರುವ ರ್‍ಯಾಕ್‌ನಲ್ಲಿವೆ. ಕನ್ನಡ ಭಾಷೆಯ ಬಗ್ಗೆಯೇ ಬೇಕಿದ್ದರೆ 494.814 ನೋಡಿ. ನಿಮಗೆ ಬೇಕಿರುವುದು ಎಂ.ಎ. ಪಠ್ಯಕ್ಕೋ, ನೆಟ್ ಪರೀಕ್ಷೆಗೋ? ಲೇಖಕರ ಹೆಸರು ಗೊತ್ತಿದ್ದರೆ ತಿಳಿಸಿ, ಪ್ರತಿ ಒಳಗಿದೆಯೇ ನೋಡಿ ಹೇಳುತ್ತೇವೆ.’

ಇದರಲ್ಲಿ ಮುಖ್ಯವಾದದ್ದು ನಡುವಿನ ಆ ಪ್ರಶ್ನೆ. ರೆಫರೆನ್ಸ್ ವಿಭಾಗದ ಹಳೆಯ ಗ್ರಂಥಪಾಲಕರು ಎದುರಿಗೆ ಕೂರಿಸಿಕೊಂಡು ‘ಯಾಕ್ ಬೇಕಪ್ಪ, ಏನ್ ಬರೀತಿದೀಯ’ ಎಂದು ವಿಚಾರಿಸುತ್ತಿದ್ದದ್ದು ಇದನ್ನೇ. ತಾನಾಗಿ ಉತ್ತರಿಸುವ ಚಾಟ್‌ಬಾಟ್ ಹಾಕಿಸಿ ಎಂದು ಈಗ ಕೆಲವರು ಸಲಹೆ ಕೊಡುತ್ತಾರೆ. ವೇಳೆ, ರಜೆ ಹೇಳಲು ಅದು ಸಾಕು. ಕ್ಯಾಟಲಾಗಿನಲ್ಲಿ ‘ಲಭ್ಯ’ ಎಂದಿರುವ ಪ್ರತಿ ಯಾರೋ ಬೇರೆ ರ್‍ಯಾಕ್‌ಗೆ ಸೇರಿಸಿ ಕಾಣೆಯಾಗಿದೆ ಎಂಬುದು ಮಾತ್ರ ಸ್ಟ್ಯಾಕ್ ಸುತ್ತುವವರಿಗೇ ಗೊತ್ತು.

ಮುನ್ನೂರು ಹೆಸರುಗಳ ಪಟ್ಟಿ ಬೇಡ

ಹೊಸ ಪುಸ್ತಕ ಬಂದಾಗ ಮುನ್ನೂರು ಹೆಸರುಗಳ ಪಿಡಿಎಫ್ ಮಾಡಿ ಎಲ್ಲ ವಿಭಾಗಗಳಿಗೂ ಒಟ್ಟಿಗೆ ಕಳಿಸುವ ಪದ್ಧತಿ ಇದೆ. ರಸಾಯನಶಾಸ್ತ್ರದವರು ಅದರಲ್ಲಿ ತಮ್ಮ ಏಳು ಪುಸ್ತಕ ಹುಡುಕಬೇಕು. ಯಾರೂ ಹುಡುಕುವುದಿಲ್ಲ. ಓದುಗರ ಆಸಕ್ತಿ ಗುರುತಿಟ್ಟುಕೊಂಡು ಅವರಿಗೆ ಸಂಬಂಧಿಸಿದ್ದನ್ನಷ್ಟೇ ತಲುಪಿಸುವ ಉಪಾಯವನ್ನು ಐಬಿಎಂ ಕಂಪನಿಯ ಹಾನ್ಸ್ ಪೀಟರ್ ಲೂನ್ 1950ರ ದಶಕದ ಕೊನೆಗೇ ರೂಪಿಸಿದ್ದರು. ಗ್ರಂಥಾಲಯ ವಿಜ್ಞಾನದ ತರಗತಿಯಲ್ಲಿ ಎಲ್ಲರೂ ಎಸ್‌ಡಿಐ ಎಂದು ಬಾಯಿಪಾಠ ಮಾಡಿ ಪಾಸಾದ ವಿಷಯವೇ ಇದು. ಆಗ ಅದಕ್ಕೆ ದೊಡ್ಡ ಕಂಪ್ಯೂಟರ್ ಬೇಕಿತ್ತು. ಈಗ ಪ್ರತಿ ವಿಭಾಗದ ತರಗತಿ ಗ್ರೂಪಿನಲ್ಲಿರುವ ಒಬ್ಬ ಪ್ರತಿನಿಧಿಯ ನಂಬರ್ ಇದ್ದರೆ ಸಾಕು.

ವಿಭಾಗಕ್ಕೆ ಹತ್ತಕ್ಕಿಂತ ಹೆಚ್ಚು ಪುಸ್ತಕ ಕಳಿಸಬೇಡಿ. ಮುಖಪುಟದ ಫೋಟೊ, ಕಾಲ್ ನಂಬರ್, ಮಹಡಿ, ಮತ್ತು ಈ ಪುಸ್ತಕ ಯಾರಿಗೆ ಯಾಕೆ ಬೇಕಾದೀತು ಎಂಬ ಒಂದು ವಾಕ್ಯ. ಆ ಒಂದು ವಾಕ್ಯ ಬರೆಯಲು ಪುಸ್ತಕ ತೆರೆದು ನೋಡಬೇಕಾಗುತ್ತದೆ. ಕಷ್ಟವಿರುವುದು ಅಲ್ಲೇ, ಪ್ರಯೋಜನವೂ ಅಲ್ಲೇ.

ರ್‍ಯಾಕಿನಲ್ಲಿ ಮಲಗಿದ್ದಕ್ಕೆ ಇನ್‌ಸ್ಟಾಗ್ರಾಂ

ಸ್ನಾತಕೋತ್ತರ ವಿದ್ಯಾರ್ಥಿಗಳ ಬೆರಳು ದಿನವಿಡೀ ಇರುವುದು ಇನ್‌ಸ್ಟಾಗ್ರಾಂನಲ್ಲಿ. ಅಲ್ಲಿ ಗ್ರಂಥಾಲಯದ ಕಟ್ಟಡವನ್ನು ಡ್ರೋನಿನಿಂದ ತೋರಿಸಿ ಹಿನ್ನೆಲೆಗೆ ಸಿನಿಮಾ ಹಾಡು ಹಾಕಿದರೆ ನೋಡುತ್ತಾರೆ, ಮರೆಯುತ್ತಾರೆ. ಒಳಗೆ ಏನಿದೆ ಎಂದು ತೋರಿಸಿದರೆ ಮಾತ್ರ ಮೆಟ್ಟಿಲು ಹತ್ತುತ್ತಾರೆ.

ಉದಾಹರಣೆಗೆ ಎಪಿಗ್ರಾಫಿಯಾ ಕರ್ನಾಟಿಕಾ. ನಮ್ಮ ಹಳೆಯ ವಿಶ್ವವಿದ್ಯಾಲಯಗಳ ರೆಫರೆನ್ಸ್ ವಿಭಾಗದಲ್ಲಿ ಈ ದಪ್ಪ ಸಂಪುಟಗಳು ಸಾಲಾಗಿ ನಿಂತಿರುತ್ತವೆ. ಬಿ.ಎಲ್. ರೈಸ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಕೊಡಗಿನ ಶಾಸನಗಳೊಂದಿಗೆ 1886ರಲ್ಲಿ ಬಂತು, ಒಟ್ಟು ಹನ್ನೆರಡಾದವು. ಇತಿಹಾಸದ ವಿದ್ಯಾರ್ಥಿಗೆ ಇದರ ಹೆಸರು ಗೊತ್ತು, ಎಷ್ಟೋ ಸಲ ಮುಟ್ಟಿ ನೋಡಿರುವುದಿಲ್ಲ. ಈಗ ‘ನಿಮ್ಮೂರಿನ ಶಾಸನ ಯಾವ ಸಂಪುಟದಲ್ಲಿದೆ?’ ಎಂದು ಒಂದು ಸರಣಿ ಮಾಡಿ. ಒಂದೊಂದು ಚಿತ್ರಕ್ಕೆ ಒಂದು ಜಿಲ್ಲೆ. ಶ್ರವಣಬೆಳಗೊಳಕ್ಕೆ ಎರಡನೆಯ ಸಂಪುಟವೇ ಮೀಸಲು. ಮೈಸೂರು ಜಿಲ್ಲೆ ಮೂರು ಮತ್ತು ನಾಲ್ಕರಲ್ಲಿ, ಹಾಸನ ಐದರಲ್ಲಿ, ಅಂದಿನ ಕಡೂರು ಜಿಲ್ಲೆ ಅಂದರೆ ಇಂದಿನ ಚಿಕ್ಕಮಗಳೂರು ಆರರಲ್ಲಿ, ಶಿವಮೊಗ್ಗ ಏಳು ಮತ್ತು ಎಂಟರಲ್ಲಿ, ಬೆಂಗಳೂರು ಒಂಬತ್ತು, ಕೋಲಾರ ಹತ್ತು, ಚಿತ್ರದುರ್ಗ ಹನ್ನೊಂದು, ತುಮಕೂರು ಹನ್ನೆರಡು. ಮಂಡ್ಯದವರು, ಚಾಮರಾಜನಗರದವರು ಮೈಸೂರಿನ ಸಂಪುಟಗಳನ್ನು ನೋಡಬೇಕು. ಆಗ ಅವು ಪ್ರತ್ಯೇಕ ಜಿಲ್ಲೆಗಳಾಗಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯ ಮುಂದೆ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಕ್ರಮ ಬೇರೆ, ಆದ್ದರಿಂದ ಯಾವ ಆವೃತ್ತಿ ಎಂದು ಪೋಸ್ಟಿನಲ್ಲಿ ಬರೆಯುವುದು ಕಡ್ಡಾಯ. ಧಾರವಾಡದ ಕಡೆಯ ಗ್ರಂಥಾಲಯವಾದರೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಬಾಂಬೆ ಕರ್ನಾಟಕ ಸಂಪುಟಗಳಿಂದ ಇಂಥದ್ದೇ ಸರಣಿ ಮಾಡಬಹುದು.

ಹುಡುಗರು ತಮ್ಮ ತಾಲ್ಲೂಕಿನ ಪುಟ ತೆಗೆದು ಫೋಟೊ ಹೊಡೆದು ಅಪ್ಪನಿಗೆ ಕಳಿಸುತ್ತಾರೆ. ಸೆಮಿನಾರಿನ ವಿಷಯ ಹುಡುಕುತ್ತಿದ್ದವರಿಗೆ ವಿಷಯ ಸಿಗುತ್ತದೆ. ಪ್ರತಿ ಗ್ರಂಥಾಲಯದಲ್ಲೂ ಇಂಥ ಏನಾದರೊಂದು ಇದ್ದೇ ಇದೆ: ಹಳೆಯ ಗೆಜೆಟಿಯರ್, ಬೈಂಡ್ ಮಾಡಿದ ನಿಯತಕಾಲಿಕೆಗಳ ಸಂಪುಟ, ಯಾರೋ ವಿದ್ವಾಂಸರು ಕೊಟ್ಟ ಸ್ವಂತ ಸಂಗ್ರಹ.

ಇನ್‌ಸ್ಟಾಗ್ರಾಂ ಬಳಸುವಾಗ ಎರಡು ಸಣ್ಣ ವಿಷಯ ಗೊತ್ತಿರಲಿ. ಪೋಸ್ಟಿನ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಪ್ರೊಫೈಲಿನಲ್ಲಿ ಇಡಬೇಕು. ಸ್ಟೋರಿ 24 ಗಂಟೆಗೆ ಮಾಯವಾಗುತ್ತದೆ, ಬೇಕಾದದ್ದನ್ನು ಹೈಲೈಟ್ ಮಾಡಿ ‘ವೇಳೆ’, ‘ಲಾಗಿನ್’, ‘ನೋ ಡ್ಯೂ’ ಎಂದು ಹೆಸರಿಟ್ಟರೆ ಪುಟದ ನೆತ್ತಿಯಲ್ಲೇ ಉಳಿಯುತ್ತದೆ.

ಹಾಸ್ಟೆಲಿನಿಂದ ಜರ್ನಲ್

2025ರ ಜನವರಿಯಿಂದ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ನಡೆಯುತ್ತಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಇ-ಜರ್ನಲ್‌ಗಳು. ಕೇಂದ್ರ ಸರ್ಕಾರದ ಸಂಸ್ಥೆಗಳ ಜೊತೆಗೆ ರಾಜ್ಯ ಸರ್ಕಾರದ ಉನ್ನತ ಶಿಕ್ಷಣ ಸಂಸ್ಥೆಗಳೂ ಇದರೊಳಗೆ ಬರುತ್ತವೆ. ಜಾರಿಯ ಹೊಣೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು. ವಿದ್ಯಾರ್ಥಿಯ ಜೇಬಿನಿಂದ ಒಂದು ಪೈಸೆ ಹೋಗದೆ ಇಷ್ಟು ದೊಡ್ಡ ಸಂಗ್ರಹ ತೆರೆದಿದೆ. ಈ ಸಂಗತಿ ಗೊತ್ತಿರುವ ಎಂ.ಎಸ್ಸಿ. ವಿದ್ಯಾರ್ಥಿಗಳು ನಿಮ್ಮ ಕ್ಯಾಂಪಸ್ಸಿನಲ್ಲಿ ಎಷ್ಟು ಜನರಿದ್ದಾರೆ ಎಂದು ಕ್ಯಾಂಟೀನಿನಲ್ಲಿ ನಿಂತು ಕೇಳಿ ನೋಡಿ.

ಇಲ್ಲಿ ಸುತ್ತೋಲೆ ಕೆಲಸ ಮಾಡದು, ಎರಡು ನಿಮಿಷದ ವಿಡಿಯೊ ಮಾಡುತ್ತದೆ. ಫೋನಿನಲ್ಲೇ ಸ್ಕ್ರೀನ್ ರೆಕಾರ್ಡ್ ಒತ್ತಿ, ಲಾಗಿನ್ ಪುಟ ತೆರೆದು, ಸಂಸ್ಥೆಯ ಹೆಸರು ಆರಿಸಿ, ಗ್ರಂಥಾಲಯ ಕೊಟ್ಟ ಹೆಸರು, ಪಾಸ್‌ವರ್ಡ್ ಹಾಕಿ ಒಂದು ಲೇಖನ ಇಳಿಸಿಕೊಳ್ಳುವವರೆಗೆ ತೋರಿಸಿ. ಕನ್ನಡದಲ್ಲಿ, ಕೌಂಟರಿನಲ್ಲಿ ಮಾತಾಡುವ ಹಾಗೇ ಮಾತಾಡಿ. ವಿದ್ಯಾರ್ಥಿಗಳು ಎಡವುವ ಜಾಗಗಳು ಗೊತ್ತಿದ್ದರೆ ಅಲ್ಲಿ ನಿಧಾನಿಸಿ. ಪಟ್ಟಿಯಲ್ಲಿ ಸಂಸ್ಥೆಯ ಹೆಸರು ಸಿಗದಿರುವುದು ಒಂದು. ವಿಶ್ವವಿದ್ಯಾಲಯದ ಹೆಸರಿನ ಇಂಗ್ಲಿಷ್ ಕಾಗುಣಿತ ಅಲ್ಲಿ ಹೇಗಿದೆ ಎಂದು ಗೊತ್ತಿರುವುದಿಲ್ಲ. ಗೂಗಲ್‌ನಿಂದ ನೇರವಾಗಿ ಪ್ರಕಾಶಕರ ಪುಟಕ್ಕೆ ಹೋಗಿ ದುಡ್ಡು ಕೇಳಿದ್ದನ್ನು ಕಂಡು ನಮಗೆ ಇಲ್ಲ ಎಂದುಕೊಂಡು ವಾಪಸಾಗುವುದು ಇನ್ನೊಂದು. ಅದೇ ಪುಟದಲ್ಲಿ ಸಂಸ್ಥೆಯ ಮೂಲಕ ಲಾಗಿನ್ ಆಗುವ ದಾರಿ ಇರುತ್ತದೆ, ಅದು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ರೆಕಾರ್ಡ್ ಮಾಡುವಾಗ ನಿಜವಾದ ಪಾಸ್‌ವರ್ಡ್ ತೆರೆಯ ಮೇಲೆ ಕಾಣದಂತೆ ನೋಡಿಕೊಳ್ಳಿ. ಪುಟದ ವಿನ್ಯಾಸ ಬದಲಾದಾಗ ಹಳೆಯ ವಿಡಿಯೊ ತೆಗೆದು ಹೊಸದು ಹಾಕಿ. ಹಳೆಯ ಪುಟ ತೋರಿಸುವ ವಿಡಿಯೊಗಿಂತ ವಿಡಿಯೊ ಇಲ್ಲದಿರುವುದೇ ಮೇಲು.

ಆಮೇಲೆ ವಿಭಾಗವಾರು ಸಂದೇಶ: ಅರ್ಥಶಾಸ್ತ್ರದವರಿಗೆ ಅವರ ಹದಿನೈದು ಮುಖ್ಯ ಜರ್ನಲ್‌ಗಳ ಹೆಸರು ಮತ್ತು ಲಿಂಕ್, ಸಸ್ಯಶಾಸ್ತ್ರದವರಿಗೆ ಅವರದು.

‘ಪಿಡಿಎಫ್ ಇದ್ರೆ ಕಳ್ಸಿ ಸರ್’

ಗ್ರಂಥಾಲಯದ ನಂಬರಿಗೆ ಅತಿ ಹೆಚ್ಚು ಬರುವ ಸಂದೇಶ ಇದು. ಟೆಲಿಗ್ರಾಂನಲ್ಲಿ 2 ಜಿಬಿ ತನಕದ ಫೈಲ್ ಹೋಗುತ್ತದೆ, ಚಾನೆಲ್ಲಿನ ಸದಸ್ಯರಿಗೆ ಮಿತಿಯಿಲ್ಲ, ಹಾಗಾಗಿ ಪಠ್ಯಪುಸ್ತಕಗಳನ್ನು ಪೂರ್ತಿ ಸ್ಕ್ಯಾನ್ ಮಾಡಿ ಸುರಿದ ಚಾನೆಲ್‌ಗಳು ಅಲ್ಲಿ ಬೇಕಾದಷ್ಟಿವೆ. ಉತ್ಸಾಹದಲ್ಲಿ ಗ್ರಂಥಾಲಯವೂ ಅದೇ ದಾರಿ ಹಿಡಿದರೆ ಕಷ್ಟ.

ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ್ದ ಮೊಕದ್ದಮೆಯನ್ನು ದೆಹಲಿ ಹೈಕೋರ್ಟ್ 2016ರಲ್ಲಿ ವಜಾ ಮಾಡಿತು. ಪಾಠದ ಸಲುವಾಗಿ ಪುಸ್ತಕದ ಭಾಗಗಳನ್ನು ನಕಲು ಮಾಡಿಕೊಡುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ ಎಂಬ ನೆಲೆಯಲ್ಲಿ ಆ ತೀರ್ಪು ಬಂತು. ಇಡೀ ಪುಸ್ತಕವನ್ನು ಲೋಕಕ್ಕೆಲ್ಲ ತೆರೆದ ಚಾನೆಲ್ಲಿಗೆ ಏರಿಸಲು ಅದನ್ನು ಪರವಾನಗಿ ಎಂದು ಓದಿಕೊಳ್ಳಬಾರದು. ತರಗತಿಗೆ ಬೇಕಾದ ಅಧ್ಯಾಯವನ್ನು ಆ ತರಗತಿಯವರಿಗೆ ಕೊಡುವುದು ಒಂದು, ಪುಸ್ತಕ ಬರೆದವರ ಹೊಟ್ಟೆಯ ಮೇಲೆ ಹೊಡೆಯುವುದು ಇನ್ನೊಂದು. ಕನ್ನಡದ ಸಣ್ಣ ಪ್ರಕಾಶಕರ ಮಟ್ಟಿಗಂತೂ ಇದು ಬರೀ ಕಾನೂನಿನ ಪ್ರಶ್ನೆಯಲ್ಲ.

ಹಾಗಂತ ‘ಕೊಡೋದಿಲ್ಲ’ ಎಂದು ಸುಮ್ಮನಾಗಬೇಕಿಲ್ಲ. ಪಿಎಚ್‌ಡಿ ಪ್ರಬಂಧ ಬೇಕೆಂದರೆ ಶೋಧಗಂಗಾದ ಲಿಂಕ್ ಕೊಡಿ, ಕನ್ನಡದಲ್ಲಿ ಬರೆದ ಪ್ರಬಂಧಗಳೂ ಅಲ್ಲಿವೆ. ಐಐಟಿ ಖರಗ್‌ಪುರ ಕಟ್ಟಿರುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ, ಕನ್ನಡ ವಿಕಿಸೋರ್ಸ್‌ನಲ್ಲೂ ಇವೆ. ನಿಮ್ಮಲ್ಲಿಲ್ಲದ ಪುಸ್ತಕವನ್ನು ಬೇರೆ ಗ್ರಂಥಾಲಯದಿಂದ ತರಿಸಲು ಡೆಲ್‌ನೆಟ್ ಸದಸ್ಯತ್ವ ಇದ್ದರೆ ಅದನ್ನು ಹೇಳಿ. ಲೇಖನ ಎಲ್ಲೂ ಸಿಗದಿದ್ದರೆ ಲೇಖಕರಿಗೇ ಒಂದು ಮೇಲ್ ಬರೆಯಲು ಹೇಳಿಕೊಡಿ, ಸಂಕೋಚ ಬಿಟ್ಟು ಕೇಳಿದರೆ ಅನೇಕರು ಕಳಿಸುತ್ತಾರೆ.

ಟೆಲಿಗ್ರಾಂ ನಿಜಕ್ಕೂ ಒದಗುವುದು ಹಳೆಯ ಪ್ರಶ್ನೆಪತ್ರಿಕೆಗಳಿಗೆ. ಅವು ವಿಶ್ವವಿದ್ಯಾಲಯದ್ದೇ, ಬೇಡಿಕೆ ವರ್ಷವಿಡೀ ಇದ್ದದ್ದೇ. ಒಮ್ಮೆ ಏರಿಸಿದರೆ ಅಲ್ಲೇ ಇರುತ್ತವೆ, ಹೊಸದಾಗಿ ಸೇರಿದವರಿಗೂ ಮೊದಲಿನಿಂದ ಕಾಣುತ್ತವೆ, ಚಾನೆಲ್ಲಿನೊಳಗೆ ಹುಡುಕಬಹುದು. ಆದರೆ ‘ಸ್ಕ್ಯಾನ್ 0047’ ಎಂಬ ಹೆಸರಿನ ಫೈಲನ್ನು ಯಾರು ಹುಡುಕಿಯಾರು? ‘ಎಂಎ ಕನ್ನಡ, 2ನೇ ಸೆಮಿಸ್ಟರ್, ಕಾವ್ಯಮೀಮಾಂಸೆ, 2023’ ಎಂದು ಹೆಸರಿಟ್ಟರೆ ಮಾತ್ರ ಸಿಗುತ್ತದೆ. ನೂರಾರು ಫೈಲಿಗೆ ಹೀಗೆ ಹೆಸರಿಡುವುದು ಬೇಸರದ ಕೆಲಸವೇ. ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳಿಗೆ ಇದನ್ನು ಪ್ರಾಯೋಗಿಕ ಕೆಲಸವಾಗಿ ಕೊಡಿ. ಕ್ಯಾಟಲಾಗಿಂಗ್ ಯಾಕೆ ಬೇಕು ಎಂದು ಪಾಠಕ್ಕಿಂತ ಬೇಗ ಅರ್ಥವಾಗುತ್ತದೆ.

ಸೀಲು ಸಹಿಯ ಫೋಟೊ

ಕನ್ನಡಕ್ಕೇ ವಿಶೇಷವಾದ ಒಂದು ತೊಡಕಿದೆ. ಕಚೇರಿಯ ಕಂಪ್ಯೂಟರಿನಲ್ಲಿ ನುಡಿಯ ಹಳೆಯ ಫಾಂಟಿನಲ್ಲಿ ಸುತ್ತೋಲೆ ಟೈಪ್ ಮಾಡುತ್ತಾರೆ, ಪ್ರಿಂಟ್ ತೆಗೆದು ಸಹಿ ಸೀಲು ಹಾಕಿಸಿ, ಫೋನಿನಲ್ಲಿ ಓರೆಯಾಗಿ ಫೋಟೊ ಹೊಡೆದು ಚಾನೆಲ್ಲಿಗೆ ಹಾಕುತ್ತಾರೆ. ಒಳಗಿನ ಅಕ್ಷರ ಹುಡುಕಲು ಸಿಗುವುದಿಲ್ಲ. ಸಣ್ಣ ತೆರೆಯಲ್ಲಿ ಓದಲಾಗುವುದಿಲ್ಲ. ದೃಷ್ಟಿದೋಷವಿರುವ ವಿದ್ಯಾರ್ಥಿಯ ಫೋನು ಅದನ್ನು ‘ಚಿತ್ರ’ ಎಂದಷ್ಟೇ ಓದಿ ಸುಮ್ಮನಾಗುತ್ತದೆ. ಫೈಲಿನ ಪಠ್ಯವನ್ನೇ ನಕಲು ಮಾಡಿ ಅಂಟಿಸಿದರೆ ಯೂನಿಕೋಡ್ ಅಲ್ಲದ ಕಾರಣ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಪರಿಹಾರ ಸುಲಭ: ಸುತ್ತೋಲೆಯ ಸಾರವನ್ನು ಫೋನಿನ ಕನ್ನಡ ಕೀಬೋರ್ಡಿನಲ್ಲಿ ಮೂರು ಸಾಲು ಟೈಪ್ ಮಾಡಿ, ಫೋಟೊವನ್ನು ಅದರ ಕೆಳಗೆ ಹಾಕಿ. ಅಚ್ಚಿನ ಪುಸ್ತಕ ಓದಲಾಗದವರಿಗೆಂದೇ 2016ರಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ದ ಬಗ್ಗೆ ವರ್ಷಕ್ಕೊಮ್ಮೆಯಾದರೂ, ಫೋನು ಓದಿ ಹೇಳಬಲ್ಲ ಅಕ್ಷರಗಳಲ್ಲಿ, ಒಂದು ಪೋಸ್ಟ್ ಹಾಕಿ.

ಯಾರು ನೋಡಿಕೊಳ್ಳುವುದು?

ಮಂಜೂರಾದ ಹುದ್ದೆಗಳು ಖಾಲಿ ಇವೆ, ಇರುವವರಲ್ಲಿ ಗುತ್ತಿಗೆಯವರೇ ಹೆಚ್ಚು, ಇದರ ಮೇಲೆ ವಾಟ್ಸಾಪ್ ಬೇರೆ ಯಾರು ನೋಡಬೇಕು? ಈ ಆಕ್ಷೇಪ ನ್ಯಾಯವಾದದ್ದು. ಆದ್ದರಿಂದಲೇ ನಾಲ್ಕು ವೇದಿಕೆಗಳಲ್ಲಿ ಒಟ್ಟಿಗೆ ಶುರು ಮಾಡಬೇಡಿ. ಚಾನೆಲ್ ಒಂದು, ಪ್ರಶ್ನೆಗೆ ನಂಬರ್ ಒಂದು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಇಬ್ಬರು ಸರದಿಯ ಮೇಲೆ. ರಾತ್ರಿ ಹನ್ನೊಂದಕ್ಕೆ ಬಂದ ಪ್ರಶ್ನೆಗೆ ರಾತ್ರಿಯೇ ಉತ್ತರಿಸುವ ಅಭ್ಯಾಸ ಮಾಡಿದರೆ ಅದೇ ನಿಯಮವಾಗಿ ಕೂರುತ್ತದೆ. ಇದು ಕೆಲಸದ ಭಾಗ ಎಂದು ಒಂದು ಪುಟದ ಕಚೇರಿ ಆದೇಶ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ‘ಫೋನ್ ನೋಡ್ತಾ ಕೂತಿದ್ರು’ ಎಂಬ ಮಾತು ಮೇಲಿನವರ ಕಿವಿಗೆ ಬೀಳಲು ತಡವಾಗದು. ಎಲ್ಲ ಖಾತೆಗಳೂ ಗ್ರಂಥಾಲಯದ ಅಧಿಕೃತ ಮೇಲ್‌ನಲ್ಲಿರಲಿ, ಎರಡು ಹಂತದ ದೃಢೀಕರಣ ಇರಲಿ, ನಿವೃತ್ತಿಯ ದಿನ ಬೀಗದ ಕೈ ಕೊಡುವ ಹಾಗೆ ಪಾಸ್‌ವರ್ಡನ್ನೂ ಬರೆದು ಕೊಡಲಿ.

ಬಾಕಿ ಉಳಿಸಿಕೊಂಡವರ ಹೆಸರಿನ ಪಟ್ಟಿಯನ್ನು ಚಾನೆಲ್ಲಿಗೆ ಹಾಕುವುದು ಬೇಡ. ಯಾರು ಯಾವ ಪುಸ್ತಕ ಒಯ್ದರು ಎಂಬುದು ಆ ಓದುಗರ ಖಾಸಗಿ ವಿಷಯ, ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ. ಬಾಕಿಯವರಿಗೆ ಅವರವರ ಇನ್‌ಬಾಕ್ಸಿಗೆ ಹೋಗಲಿ. ಕೊಹಾ ತಂತ್ರಾಂಶ ಬಳಸುವವರು ಮೇಲ್, ಎಸ್ಸೆಮ್ಮೆಸ್ ತಾನಾಗಿ ಹೋಗುವಂತೆ ಮಾಡಿಕೊಳ್ಳಬಹುದು. ಓದುತ್ತಾ ಕೂತವರ ಫೋಟೊ ಕೇಳದೆ ತೆಗೆಯುವುದೂ ಬೇಡ.

ಪುಟದಲ್ಲಿ ಯಾರಾದರೂ ‘ಮೂರನೇ ಮಹಡಿ ಟಾಯ್ಲೆಟ್‌ನಲ್ಲಿ ನೀರಿಲ್ಲ’ ಎಂದು ಬರೆದರೆ ಅಳಿಸುವ ಆಸೆಯಾಗುತ್ತದೆ. ಅಳಿಸಬೇಡಿ. ‘ಎಂಜಿನಿಯರಿಂಗ್ ವಿಭಾಗಕ್ಕೆ ಇಂದು ತಿಳಿಸಿದ್ದೇವೆ’ ಎಂದು ಬರೆದು, ನೀರು ಬಂದ ದಿನ ಇನ್ನೊಂದು ಸಾಲು ಸೇರಿಸಿ. ಆ ಎರಡು ಸಾಲು ನಿಮ್ಮ ಹತ್ತು ಕಾರ್ಯಕ್ರಮಗಳ ಫೋಟೊಗಿಂತ ಹೆಚ್ಚು ಹೆಸರು ತರುತ್ತವೆ. ನ್ಯಾಕ್ ತಂಡಕ್ಕೆ ತೋರಿಸಲು ಫೋಟೊ ಬೇಕೇ ಬೇಕು ಎಂಬುದು ನಿಜ. ಅವು ನ್ಯಾಕ್ ಫೈಲಿನಲ್ಲಿರಲಿ.

ಕೈಯಲ್ಲಿ ಸ್ವಲ್ಪ ಸಮಯ ಉಳಿದರೆ ವಿಕಿಪೀಡಿಯದ ಕಡೆ ನೋಡಬಹುದು. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಆಧಾರಗಳಿಲ್ಲದ ಲೇಖನಗಳು ಅದರಲ್ಲಿ ಧಾರಾಳವಾಗಿವೆ. ಒಬ್ಬ ಗ್ರಂಥಪಾಲಕ ಒಂದು ಆಧಾರ ಸೇರಿಸಲಿ ಎಂಬ ಅಂತರರಾಷ್ಟ್ರೀಯ ಅಭಿಯಾನ ಪ್ರತಿ ವರ್ಷ ಜನವರಿ 15ರಿಂದ ನಡೆಯುತ್ತದೆ. ನಿಮ್ಮ ಊರಿನ ಬಗ್ಗೆ ಇರುವ ಲೇಖನಕ್ಕೆ ನಿಮ್ಮ ರ್‍ಯಾಕಿನ ಗೆಜೆಟಿಯರಿನ ಪುಟಸಂಖ್ಯೆ ಸೇರಿಸಲು ಹತ್ತು ನಿಮಿಷ ಸಾಕು.

ಕೇಳುವವರಿಗೂ ಎರಡು ಮಾತು

ವಿದ್ಯಾರ್ಥಿಗಳೇ, ‘ಬುಕ್ ಇದೆಯಾ’ ಎಂದು ಕೇಳಿದರೆ ಉತ್ತರಕ್ಕೆ ಮೂರು ಸಂದೇಶ ಬೇಕಾಗುತ್ತದೆ. ‘ಮೇಡಂ, ನಾನು ಇತಿಹಾಸ ಎಂ.ಎ. ಎರಡನೇ ವರ್ಷ. ಹೊಯ್ಸಳರ ಕಾಲದ ಕೆರೆಗಳ ಬಗ್ಗೆ ಸೆಮಿನಾರ್ ಇದೆ, ಮುಂದಿನ ಗುರುವಾರ. ಕನ್ನಡದಲ್ಲಿ ಏನಿದೆ? ಇಂಗ್ಲಿಷ್ ಆದರೂ ಪರವಾಗಿಲ್ಲ’ ಎಂದು ಕೇಳಿ. ವಿಭಾಗ, ವಿಷಯ, ಗಡುವು, ಭಾಷೆ ನಾಲ್ಕೂ ಇರುವುದರಿಂದ ಒಂದೇ ಸಲಕ್ಕೆ ಸರಿಯಾದ ಉತ್ತರ ಬರುತ್ತದೆ. ಲಾಗಿನ್ ಆಗದಿದ್ದರೆ ‘ಓಪನ್ ಆಗ್ತಿಲ್ಲ’ ಎನ್ನುವ ಬದಲು ತೆರೆಯ ಮೇಲೆ ಬಂದ ಸಂದೇಶದ ಸ್ಕ್ರೀನ್‌ಶಾಟ್ ಕಳಿಸಿ, ಪಾಸ್‌ವರ್ಡ್ ಮಾತ್ರ ಯಾರಿಗೂ ಕಳಿಸಬೇಡಿ. ಬೇಕಾದ ಪುಸ್ತಕ ಗ್ರಂಥಾಲಯದಲ್ಲೇ ಇಲ್ಲವಾದರೆ ಲೇಖಕ, ಪ್ರಕಾಶಕ, ವರ್ಷ ಬರೆದು ಖರೀದಿಗೆ ಸೂಚಿಸಿ, ನಿಮ್ಮ ವಿಭಾಗದ ಮೇಷ್ಟರಿಂದಲೂ ಒಂದು ಮಾತು ಹೇಳಿಸಿ. ಅನುದಾನ ಮಾರ್ಚ್ 31ರೊಳಗೆ ಖರ್ಚಾಗಬೇಕಿರುತ್ತದೆ, ಖರೀದಿ ಪಟ್ಟಿ ಅದಕ್ಕೆ ಎಷ್ಟೋ ಮುಂಚೆ ಸಿದ್ಧವಾಗುತ್ತದೆ. ಡಿಸೆಂಬರ್ ಒಳಗೆ ಕೇಳಿದವರ ಪುಸ್ತಕ ಅದರಲ್ಲಿ ಸೇರುವ ಸಾಧ್ಯತೆ ಹೆಚ್ಚು.